ಹದಿನೇಳನೆಯ ಕಲಮು

ಉದ್ಯಮಬಾಗದ ಶೆಡ್ಡಿನೊಳಗೆ ನಾನೂರು ವಾಲ್ವು
ಎಣ್ಣೆ ಸವರಿಕೊಂಡು ಪೆಟ್ಟಿಗೆಯಲ್ಲಿ ಕೂತಿವೆ.
ಹಡಗು ಕೆಂಪು ಸಮುದ್ರದ ಬಾಯಿಂದಲೇ ಹೊರಳಿತಂತೆ.

ಕೊಂಡವನ ಪತ್ರ ಎರಡೇ ಸಾಲು:
ಕಲಮು ಹದಿನೇಳು. ಯುದ್ಧ, ದೈವಾಧೀನ.
ಕರಾರು ಇಲ್ಲಿಗೆ ಮುಗಿಯಿತು.

ಚೌಗುಲೆ ಮಾಲಕರು ಚಷ್ಮಾ ಒರೆಸಿ
ಮತ್ತೊಮ್ಮೆ ಓದಿಸಿದರು:
“ದೇವರು ಯಾವಾಗ ಕ್ಷಿಪಣಿ ಬಿಟ್ಟಾನ, ತಂಗಿ?”

ಹೊಸಪೇಟೆಯ ಬೀಡುಕಬ್ಬಿಣದವನ ಬಿಲ್ಲಿನಲ್ಲಿ
ಯುದ್ಧ ಅನ್ನುವ ಶಬ್ದ ಹುಡುಕಿದೆ.
ಇಲ್ಲ. ಶನಿವಾರದ ಪಗಾರಪಟ್ಟಿಯಲ್ಲೂ ಇಲ್ಲ,
ಅಲ್ಲಿ ಹೆಬ್ಬೆಟ್ಟುಗಳು ಮಾತ್ರ.

ಬೇರೆಯವರಿಗೆ ಮಾರೋಣವೆಂದರೆ
ಒಂದೊಂದರ ಹೊಟ್ಟೆಯ ಮೇಲೂ ಅವನ ಹೆಸರು,
ಕೆಳಗೆ ಸಣ್ಣಗೆ ಬೆಳಗಾವಿ.
ಅಚ್ಚಿನಲ್ಲೇ ಹುಟ್ಟಿದ್ದು. ಬಣ್ಣವಲ್ಲ, ತೊಳೆದರೆ ಹೋಗಲು.

ಸಂಜೆ ದಸ್ತಗೀರ ಗ್ರೈಂಡರಿನ ವಾಯರು ಚುಚ್ಚಿ
ಕಿಡಿಗೆ ಮೊದಲೇ ಕಣ್ಣು ಕಿರಿದು ಮಾಡಿ ಕೇಳಿದ:
“ಅಕ್ಕಾರ, ಮೊದಲನೇ ಅಕ್ಷರದಿಂದ ತಗೀಲೇನ್ರಿ,
ಕಡೀ ಅಕ್ಷರದಿಂದ?”