ಅವರವರ ಸೊನ್ನೆ

ಪುಣೆ, ಗುಲ್ಟೇಕಡಿ. ಮಾರ್ಕೆಟ್ ಯಾರ್ಡಿನ ಮಹಡಿಗೂ
ಈರುಳ್ಳಿ ಘಾಟು.
ಹದಿನೇಳು ಮಳಿಗೆಗಳ ಲೆಕ್ಕಕ್ಕೆ ಒಂದೇ ಫಂಕ್ಷನ್ ಸಾಕೆಂದು
ಬೆಳಗಿನಿಂದ ಬರೆಯುತ್ತಿದ್ದೇನೆ:
ಕಿಲೋ ಇರಲಿ, ಡಜನ್ ಇರಲಿ, ರೂಪಾಯಿ ಪೈಸೆ ಇರಲಿ,
ಬರುವವನ ಹೆಸರು ಟಿ.
ಊರು ಕೇಳುವುದಿಲ್ಲ.
ಕೂಡಲು ಬರುತ್ತದೆಯೇ, ಅಷ್ಟೇ ಷರತ್ತು.

ಕಂಪೈಲರ್ ಕೊಂಕು ತೆಗೆಯಿತು:
ಮೊತ್ತವನ್ನು ಸೊನ್ನೆಯಿಂದ ಶುರುಮಾಡಿದೆಯಲ್ಲ,
ಆ ಸೊನ್ನೆ ಪೂರ್ಣಾಂಕದ್ದು,
ಟಿಯದಲ್ಲ.

ಸೊನ್ನೆಗೂ ಕುಲವೇ, ಎಂದು ಗೊಣಗುತ್ತ
ಚಹಾಕ್ಕೆ ಕೆಳಗಿಳಿದರೆ
ಇಂಡಿ ಕಡೆಯ ಹಮಾಲ ಮಲಕಪ್ಪ
ಖಾಲಿ ಬುಟ್ಟಿಯನ್ನು ಕಾಟಾದ ಮೇಲಿಟ್ಟು ಗುಂಡಿ ಒತ್ತುತ್ತಿದ್ದ.
ಕೆಂಪಂಕಿ ಸೊನ್ನೆಗಿಳಿಯಿತು.
ಬುಟ್ಟಿ ಬದಲಿಸಿ ಮತ್ತೆ ಒತ್ತಿದ.
"ಪ್ರತಿ ಸಲ ಯಾಕಪ್ಪಾ?"
"ಪ್ಲಾಸ್ಟಿಕ್ಕಿಂದು ಬ್ಯಾರೆ, ಬಿದಿರಿಂದು ಬ್ಯಾರೆ ರೀ.
ಒಂದರ ಸೊನ್ನಿ ಇನ್ನೊಂದಕ್ಕ ಹಚ್ಚಿದ್ರ
ಯಾರದರೆ ಅರ್ಧಾ ಕಿಲೋ ಹೋತು."

ಮೇಲೆ ಬಂದು ಇನ್ನೊಂದು ಷರತ್ತು ಸೇರಿಸಿದೆ:
ಟಿ, ನಿನ್ನ ಸೊನ್ನೆಯನ್ನು ನೀನೇ ತರಬೇಕು.

ಒಪ್ಪಿತು. ಆಮೇಲೆ ಬೇರೆ ತಕರಾರು:
ಒಮ್ಮೆ ಕೂಡಿದ್ದನ್ನು ಮತ್ತೆ ಮುಟ್ಟುವಂತಿಲ್ಲ,
ಅದು ನಿನ್ನ ಕೈ ಬಿಟ್ಟಾಗಿದೆ.

ಕಿಟಕಿಯಾಚೆ, ತೂಗಿದ ಚೀಲಗಳು
ಟೆಂಪೋ ಹತ್ತಿ
ಸಾತಾರಾ ರಸ್ತೆ ಹಿಡಿದಿದ್ದವು.