ಕೈಗವಸಿನ ಅಳತೆ

ಹನ್ನೊಂದು ವರ್ಷದಿಂದ ಬರೆಯುತ್ತ ಬಂದಿದ್ದೆ ಅದನ್ನು,
ಗ್ದಿನಿಯಾ ಬಂದರಿಗೆ ಬೆನ್ನು ಮಾಡಿದ ಕೋಣೆಯಲ್ಲಿ,
ಸಂಬಳದ ಕೆಲಸ ಮುಗಿಸಿ ಬಂದ ರಾತ್ರಿಗಳಲ್ಲಿ.
ಮೀನುದೋಣಿಗಳಿಗೊಂದು ನಕ್ಷೆ: ಆಳ, ಉಬ್ಬರ, ಇಳಿತ,
ಬಲೆ ಬಿಟ್ಟ ಜಾಗದ ಗುರುತು.
ಕಾಸಿಲ್ಲ, ಬೀಗವಿಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು,
ತಿದ್ದಬಹುದು, ಒಯ್ಯಬಹುದು.
ಬಾಗಿಲು ಸದಾ ತೆರೆದಿದೆ ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದೆ.
ಹೊಸ್ತಿಲು ಎಷ್ಟೆತ್ತರ ಎಂದು
ಇಳಿದು ನೋಡಿರಲಿಲ್ಲ.

ವಾರ್ಡೊ ಎಂಬ ಊರಿಂದ ಬರೆದಳು ರಾಗ್ನ್‌ಫ್ರಿದ್.
ನಾರ್ವೆಯ ತುದಿ ಅದು, ಆಚೆ ಬರೀ ನೀರು.
"ನನಗೆ ಕೋಡ್ ಬರುವುದಿಲ್ಲ. ವಿನ್ಯಾಸ ಮಾಡುತ್ತೇನೆ.
ಕೈ ಜೋಡಿಸಬಹುದೇ?"
ಬಂದಳಪ್ಪ ಬಣ್ಣ ಬಳಿಯಲು ಇನ್ನೊಬ್ಬಳು, ಎಂದುಕೊಂಡೆ.
ಲಾಂಛನ ಹಳತಾಗಿದೆ, ಬೇಕಾದರೆ ಅದನ್ನು ಮಾಡಿಕೊಡು ಎಂದೆ,
ಅಡುಗೆಮನೆಗೆ ಬಂದ ಮಗುವಿಗೆ
ಖಾಲಿ ಸೌಟು ಕೊಟ್ಟು ಕೂರಿಸುವ ಹಾಗೆ.

ಲಾಂಛನ ಬರಲಿಲ್ಲ.
ಮೂರು ವಾರ ಬಿಟ್ಟು ಒಂದು ವಿಡಿಯೊ ಬಂತು,
ನಲವತ್ತು ಸೆಕೆಂಡಿನದು. ಮುಖವಿಲ್ಲ, ಒಂದು ಕೈ.
ಕಿತ್ತಳೆ ಬಣ್ಣದ ರಬ್ಬರು ಗವಸು, ಮೇಲೆ ಮೀನಿನ ಲೋಳೆ,
ಎತ್ತಿ ಎತ್ತಿ ಕುಕ್ಕುವ ದೋಣಿ.
ಬೆರಳು ನನ್ನ ಪರದೆಯ ಹತ್ತಿರ ಬಂತು.
ಒತ್ತಲಿಲ್ಲ. ಹಿಂದೆ ಸರಿಯಿತು. ಮತ್ತೆ ಬಂತು.
ಕೊನೆಗೆ ಗವಸನ್ನು ಹಲ್ಲಲ್ಲಿ ಕಚ್ಚಿ ಎಳೆದು
ಕೆಂಪಗೆ ಒಡೆದ ಬರಿಬೆರಳು
ಆ ಗಾಳಿಯಲ್ಲಿ ನಡುಗುತ್ತ ಒತ್ತಿತು.

ತೂರ್ಲೈಫ್ ಎಂದು ಆ ಕೈಯ ಹೆಸರು.
ಹೋದ ಮಾಘದಲ್ಲಿ ಗವಸಿನಲ್ಲೇ ಒತ್ತಿದ್ದನಂತೆ.
'ಗುರುತು ಹಾಕು' ಎಂಬುದರ ಮಗ್ಗುಲಲ್ಲೇ
'ಎಲ್ಲ ಅಳಿಸು' ಇಟ್ಟಿದ್ದವನು ನಾನು.
ಆರು ಚಳಿಗಾಲದ ಗುರುತುಗಳು
ಒಂದು ಅಲೆಗೆ ಹೋದವು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!
ಇದು ನನ್ನ ಮೊದಲ ಉತ್ತರ. ಈಗ ನಾಚಿಕೆಯಾಗುತ್ತದೆ.
ಅವಳು ವಾದಕ್ಕಿಳಿಯಲಿಲ್ಲ,
ನೆಲಕ್ಕೆ ಮಟ್ಟಗೋಲಿಟ್ಟು ತೋರಿಸಿದಳು:
ಗವಸಿನ ಬೆರಳ ತುದಿ ಇಪ್ಪತ್ತೆರಡು ಮಿಲಿಮೀಟರು,
ನಿನ್ನ ಎರಡು ಗುಂಡಿಗಳ ನಡುವೆ ಮೂರು.
"ಅದನ್ನು ಅಲ್ಲೇ ಯಾಕಿಟ್ಟೆ?"
ಯೋಚಿಸಿದೆ. ಅಲ್ಲಿ ಜಾಗವಿತ್ತು, ಅಷ್ಟೇ.

ಮತ್ತೊಂದು ಮಾತು ಬರೆದಿದ್ದಳು ಕೊನೆಯಲ್ಲಿ.
ಗುರುತೆಲ್ಲ ಹೋದ ಮೇಲೂ ತೂರ್ಲೈಫ್ ಮೀನು ತಂದ.
ಚರ್ಚಿನ ಶಿಖರ ಕರಿಬಂಡೆಯ ನೆತ್ತಿಗೆ ಕೂಡುವ ಗೆರೆ,
ದೀಪಸ್ತಂಭ ಗುಡ್ಡದ ತಗ್ಗಿಗೆ ಕೂಡುವ ಗೆರೆ,
ಎರಡೂ ಎಲ್ಲಿ ಹಾಯುತ್ತವೋ ಅಲ್ಲಿ ಬಲೆ.
ಆ ಜಾಗಕ್ಕೆ ಅವನಪ್ಪ ಇಟ್ಟ ಹೆಸರು ಅತ್ತೆಯ ಬಾಣಲೆ.
"ನಿನ್ನ ನಕ್ಷೆಯಲ್ಲಿ ಅಂಕಿಗೆ ಜಾಗವಿದೆ,
ಬಾಣಲೆಗಿಲ್ಲ."

ವಸಂತದವರೆಗೂ ಜಗಳವಾಡಿದೆವು.
ಅವಳು ಕಾಗದ ಕತ್ತರಿಸಿ ಗುಂಡಿ ಮಾಡಿ
ಮೀನಿನ ಕಟ್ಟೆಯ ಮೇಲೆ ಹರಡಿ
ಕಂಡ ಕಂಡ ಬೆಸ್ತರ ಕೈಲಿ ಒತ್ತಿಸಿದಳು.
ನಾನು ತಿದ್ದಿದ್ದು ಕಡೆಗೆ ಹದಿನಾಲ್ಕು ಸಾಲು.

ಯಾರ ಪಾಲು ಎಷ್ಟೆಂದು ಲೆಕ್ಕವಿಡುವ ಯಂತ್ರ
ಸಾಲುಗಳನ್ನಷ್ಟೇ ಎಣಿಸುತ್ತದೆ.
ಹದಿನಾಲ್ಕೂ ನನ್ನ ಖಾತೆಗೆ ಬಿದ್ದವು,
ಅವಳದು ಸೊನ್ನೆ.
ಆ ರಾತ್ರಿ ಅವಳ ಹೆಸರನ್ನು ಕೈಯಾರೆ ಸೇರಿಸಿದೆ,
ನನ್ನ ಹೆಸರಿನ ಪಕ್ಕಕ್ಕೆ,
ನಡುವೆ ಬೇಕಾದಷ್ಟು ಜಾಗ ಬಿಟ್ಟು.

ಮೊನ್ನೆ ಇನ್ನೊಂದು ವಿಡಿಯೊ ಬಂತು, ಅದೂ ನಲವತ್ತು ಸೆಕೆಂಡು.
ಗವಸು ಬಂತು, ಒತ್ತಿತು, ಹೋಯಿತು. ನಾಲ್ಕೇ ಸೆಕೆಂಡು.
ಉಳಿದಷ್ಟು ಹೊತ್ತೂ ಯಾರೂ ನೋಡದ ನನ್ನ ಪರದೆ,
ಚೌಕಟ್ಟಿನಾಚೆ ಬಲೆ ಎಳೆಯುವ ಸದ್ದು.
ಪೂರ್ತಿ ನೋಡಿದೆ. ಎರಡು ಸಲ.

ಲಾಂಛನ ಮಾತ್ರ ಇನ್ನೂ ಹಳೆಯದೇ.