ಚೀಲದ ಒಳಮೈ

ನಮಸ್ಕಾರ್ರಿ ಸರ. ನಾ ದೀಪಾಲಿ ಅವ್ವ.
ಬ್ಯಾಡಗಿ ಪ್ಯಾಟ್ಯಾಗ ಚೀಲ ಹೊಲಿತೀನಿ,
ಹಳೇ ಚೀಲ, ಹರಕ ಚೀಲ, ಇಲಿ ಕಡದದ್ದು.
ನಕಾಶೆ ತಪ್ಪೈತಂತ ಕೆಂಪು ಗೀರು ಎಳದೀರಂತ.
ಹುಡುಗಿ ರಾತ್ರಿ ಉಣಲಿಲ್ಲ.
ಜಗಳಕ್ಕ ಬಂದಿಲ್ರಿ. ತಿಳಿಸಿ ಹೋಗಾಕ ಬಂದೀನಿ.

ಕೋಟಾದ ನಡುವ ಗುಂಟೂರು ಹ್ಯಾಂಗ ಬಂತು ಅಂತ ಕೇಳಿದ್ರಂತ.
ಅದು ನಾ ಹಚ್ಚಿದ ತ್ಯಾಪಿ.
ಕೋಟಾದ ಕೊತ್ತಂಬರಿ ಚೀಲಕ್ಕ ಅಂಗೈಯಗಲ ತೂತು,
ಕೈಗೆ ಸಿಕ್ಕದ್ದು ಗುಂಟೂರಿನ ತುಂಡು.
ಹೊಲಿಯುವಾಗ ಬಾಜೂಕ ಕುಂತಿದ್ಲು,
ಅಕ್ಷರ ಕೂಡಿಸಿ ಓದಿದ್ಲು, ನನಗೂ ಓದಿಸಿದ್ಲು.

ನೀವು ಊರಿಗೆ ಒಂದು ಚುಕ್ಕಿ ಇಡತೀರಿ.
ನಾವು ಚೀಲ ತಿರುವಿ ಹಾಕತೀವಿ, ಒಳಗಿಂದು ಹೊರಗ.
ಮೂಲ್ಯಾಗ ಊರು ಅಡಗಿ ಕುಂತಿರತೈತಿ,
ಝಾಡಿಸಿದ್ರ ಬೀಳತೈತಿ.
ಊಂಝಾ ಅಂದ್ರ ಜೀರಿಗಿ:
ಮೂರು ಚೀಲ ಕೊಡವಿದ್ರ ನಮ್ಮ ಒಂದು ಹೊತ್ತಿನ ಒಗ್ಗರಣಿ.
ಈರೋಡ ಝಾಡಿಸಿದ ದಿನ
ನಾವಿಬ್ಬರೂ ಅರಿಷಿಣ ಹಚ್ಚಿಸಿಕೊಂಡ ಮದುಮಕ್ಕಳು,
ನಳದ ಮುಂದ ಹೆಂಗಸರು ಸೋಬಾನ ಹಾಡಿ ನಕ್ಕರು.
ಗುಂಟೂರು ಬಂದ್ರ ಮೂಗು ಕಟ್ಟಿಕೊಳ್ಳಬೇಕು.
ಅವರದು ಖಾರ, ನಮ್ಮದು ಬಣ್ಣ.
ಇದನ್ನ ಪರೀಕ್ಷಾದಾಗ ಕೇಳ್ರಿ,
ಅಕಿ ನೂರಕ್ಕ ನೂರು ತರತಾಳ.

ಗಂಟೂ ಊರಿಗೊಂದು ನಮೂನಿ.
ಇಂದೂರಿನವರು ಎರಡು ಕಿವಿ ಬಿಟ್ಟು ಕಟ್ಟತಾರ,
ಎತ್ತಾವಗ ಹಿಡಿಯಾಕ ಬೇಕಲ್ಲ, ಹಮಾಲನ ನೆನಪಿದ್ದ ಮಂದಿ.
ಖನ್ನಾದವರ ಗಂಟು ಹಲ್ಲಿಗೂ ಬಗ್ಗೂದಿಲ್ಲ.
ಇನ್ನೊಂದು ಊರೈತಿ, ಹೆಸರು ಬ್ಯಾಡ,
ಸುತಳಿ ಉಳಸಾಕ ಹೋಗಿ ದಾರಿಗುಂಟ ಕಾಳು ಚೆಲ್ಲತಾರ.

ಕೊಚ್ಚಿ ಮಾತ್ರ ನಾ ಮುಟ್ಟಿಲ್ಲ.
ಅಲ್ಲಿಂದ ಚೀಲ ಹೊಳ್ಳಿ ಬರೂದಿಲ್ಲ.
ಮಕಬೂಲಸಾಬ ತಗಡಿನ ಅಚ್ಚು ಇಟ್ಟು
ಕರೀ ಬಣ್ಣ ಬಡದು ಕಳಸತಾನ, ಹೋದದ್ದು ಹೋತು.
ನಮ್ಮ ಕಾಯಿಯಿಂದ ಕೆಂಪು ಹಿಂಡಿ ತಗೀತಾರಂತ,
ಎಣ್ಣಿ ಮಾಡಿ ಹಡಗ ಹತ್ತಸತಾರಂತ.
ಅದಕ್ಕ ದೀಪಾಲಿ ಕೊಚ್ಚಿ ಇದ್ದಲ್ಲಿ ಬರೇ ಒಂದು ಬಾಗಲ ತಗದಾಳ,
ಸಮುದ್ರದ ಕಡೆ ತೆರದದ್ದು.
ಬಾಗಲ ಅಲ್ಲೇನ್ರಿ ಅದು?

ಇನ್ನ ಆ ಕಂದು ಗೆರಿ.
ಗೀಚ್ಯಾಳ ಅಂದ್ರಿ. ಸನೇಕ ಹಿಡದು ನೋಡ್ರಿ, ಹಾಸು, ಹೊಕ್ಕು.
ಯಾವ ಊರಿನ ಕಾಳು ತುಂಬಿದ್ರೂ
ಚೀಲ ಹುಟ್ಟೂದು ಬಂಗಾಲದಾಗ.
ಟೊಂಕದ ಮಟ ನೀರಾಗ ನಿಂತು
ಕೊಳತ ದಂಟಿನಿಂದ ನಾರು ಸುಲೀತಾರಂತ,
ಆ ವಾಸನಿ ಹೊಸ ಚೀಲದಾಗ ಇನ್ನೂ ಇರತೈತಿ.
ಹಂಗಂತ ಅಕಿ ಬಂಗಾಲನ್ನ ಒಂದು ಮೂಲಿಗೆ ಇಡಲಿಲ್ಲ,
ಎಲ್ಲಾದರ ಕೆಳಗ ಹಾಸಿದ್ಲು.

ನೆತ್ತಿ ಮ್ಯಾಲಿನ ಅಕ್ಷರ ಅಕಿ ಹುಟ್ಟಿಸಿದ್ದಲ್ರಿ.
ಗೋಧಿ ಚೀಲದ ಹೊಲಿಗ್ಯಾಗ ಚೀಟಿ ಸಿಕ್ಕಿತ್ತು,
ಬಸ್ಸಿನ ಟಿಕೇಟಿನಷ್ಟು.
ಅಕ್ಷರಕ್ಕೆಲ್ಲಾ ಮ್ಯಾಲೊಂದು ಹಗ್ಗ, ಅರಿವಿ ಒಣಾಕಿದಂಗ.
ಲೆಕ್ಕಾನೋ, ಬೈಗಳೋ, ಯಾರದರೆ ಹೆಸರೋ.
ಮಕಬೂಲಸಾಬಗೂ ಬರಲಿಲ್ಲ, ಲಾರಿ ಕ್ಲೀನರಗೂ ಬರಲಿಲ್ಲ.
ಹಂಗೇ ನೋಡಿ ತಿದ್ದ್ಯಾಳ, ಒಂದು ಬಾಲಾನೂ ಬಿಡದಂಗ.
ನಿಮಗ ಬರತೈತೇನು?

ಇರಲಿ ಬಿಡ್ರಿ.

ಮಾರ್ಕ್ಸ್ ಬ್ಯಾಡ. ದಿಕ್ಕು ತಪ್ಪಿದ್ರ ತಿದ್ದ್ರಿ, ಅದು ನಿಮ್ಮ ಕೆಲಸ.
ಆದ್ರ ಗೋಡಿಗಿನ ದೊಡ್ಡ ನಕಾಶೆ ಒಮ್ಮೆ ಇಳಿಸ್ರಿ,
ಹಿಂಬದಿ ನೋಡಬೇಕು ನನಗ.
ಅರಿವಿ ಅಂಟಿಸ್ಯಾರಲ್ಲ, ಮಡಿಕಿಗೆ ಬಿಟ್ಟೈತಿ,
ನಾಗಪುರದ ಹತ್ರ ಬೆರಳು ಹೋಗತೈತಿ.
ದಬ್ಬಣ ದಪ್ಪ ಆಗತೈತಂತ ಸಣ್ಣ ಸೂಜಿ ತಂದೀನಿ.
ಲಗೂ ಹೇಳ್ರಿ. ನಾಳಿ ಗುರುವಾರ ಪ್ಯಾಟಿ,
ಎಂಟನೂರು ಚೀಲ ಬಾಯಿ ತಕ್ಕೊಂಡು ಬಿದ್ದಾವ.